ಹುಳು ಮನೆ ಖಾಲಿ ಇದ್ದಾಗಲೂ ಮೂರು ಗಂಟೆಗೆ ಎಚ್ಚರ

ನಮ್ಮದು ಶಿಡ್ಲಘಟ್ಟ ತಾಲೂಕಿನ ಒಂದು ಹಳ್ಳಿ. ಎರಡೂವರೆ ಎಕರೆ ಜಮೀನು, ಅದರಲ್ಲಿ ಒಂದೂವರೆ ಎಕರೆ ಹಿಪ್ಪುನೇರಳೆ. ಮದುವೆಯಾಗಿ ಬಂದ ಹತ್ತೊಂಬತ್ತು ವರ್ಷದಿಂದ ರೇಷ್ಮೆ ಹುಳು ಸಾಕುತ್ತಿದ್ದೇನೆ. ಹುಳು ಸಾಕುವ ಮನೆಯಲ್ಲಿ ಯೋಚನೆ ಇಲ್ಲದ ದಿನ ಇರುವುದಿಲ್ಲ. ಚಾಕಿ, ಅಂದರೆ ಮರಿ ಹುಳು ತಂದ ದಿನದಿಂದ ಗೂಡು ಮಾರುವವರೆಗೆ ಒಂದಲ್ಲ ಒಂದು. ಮಳೆಗೆ ಸೊಪ್ಪು ಒದ್ದೆಯಾಯಿತು, ಊಜಿ ನೊಣ ಒಳಗೆ ಬಂತು, ಹುಳು ಜ್ವರದಿಂದ ಸರಿಯಾಗಿ ಏಳಲಿಲ್ಲ, ಮಾರ್ಕೆಟ್‌ನಲ್ಲಿ ರೇಟು ಬಿತ್ತು. (ಪೊರೆ ಬಿಡುವ ಮುಂಚೆ ಹುಳು ಸೊಪ್ಪು ತಿನ್ನುವುದು ನಿಲ್ಲಿಸಿ ತಲೆ ಎತ್ತಿ ಕೂರುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ.) ಹೀಗಾಗಿ ನನಗೆ ಆತಂಕದ ಕಾಯಿಲೆ ಬಂದಾಗ ಅದು ಕಾಯಿಲೆ ಅಂತ ಯಾರಿಗೂ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ. ಇಷ್ಟು ಯೋಚನೆ ಎಲ್ಲರಿಗೂ ಇರುತ್ತೆ ಅಂದುಕೊಂಡೇ ಏಳೆಂಟು ತಿಂಗಳು ಕಳೆದೆ. ನನ್ನ ಹಾಗೆ ಇನ್ನೂ ಅಂದುಕೊಂಡೇ ಇರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

2024ರ ಆಷಾಢದಲ್ಲಿ ನೂರೈವತ್ತು ಮೊಟ್ಟೆಯ ಚಾಕಿ ತಂದಿದ್ದೆವು. (ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆಗೆ ನಾವು ಒಂದು ಮೊಟ್ಟೆ ಅನ್ನುತ್ತೇವೆ.) ನಾಲ್ಕನೇ ಜ್ವರ ಎದ್ದ ಮೂರನೇ ದಿನಕ್ಕೆ ಹಾಲುತೊಂಡೆ ರೋಗ ಕಾಣಿಸಿತು. ಹುಳು ಊದಿಕೊಂಡು, ಚರ್ಮ ಹರಿದು ಹಾಲಿನಂಥ ನೀರು ಸೋರುತ್ತದೆ. ಎರಡು ದಿನದಲ್ಲಿ ಮುಕ್ಕಾಲು ಪಾಲು ಹೋಯಿತು. ಗುಂಡಿ ತೆಗೆದು, ಸುಣ್ಣ ಹಾಕಿ ಮುಚ್ಚಿದೆವು. ಅದೇ ತಿಂಗಳು ಬೋರ್‌ವೆಲ್ ಮೋಟಾರ್ ಸುಟ್ಟಿತು. 1,100 ಅಡಿ ಆಳದಿಂದ ಎತ್ತಿಸಿ, ಹೊಸ ಮೋಟಾರ್, ಪೈಪು ಅಂತ ನನ್ನ ಸರ, ಬಳೆ ಅಡವಿಟ್ಟು 1,20,000 ರೂಪಾಯಿ ತಂದೆವು.

ಆಗಲೂ ನಿದ್ದೆ ಕೆಟ್ಟಿತ್ತು. ಆದರೆ ಆ ಯೋಚನೆಯಲ್ಲಿ ಲೆಕ್ಕ ಇತ್ತು. ರಾತ್ರಿ ಊಟ ಆದ ಮೇಲೆ ನಾನು, ನಮ್ಮ ಯಜಮಾನರು ಕ್ಯಾಲೆಂಡರ್ ಹಿಂಬದಿಯಲ್ಲಿ ಬರೆಯುತ್ತಿದ್ದೆವು. ಈ ಬೆಳೆಗೆ ಇಷ್ಟು ಬಂದರೆ ಬಡ್ಡಿ ಕಟ್ಟೋದು, ಮುಂದಿನ ಬೆಳೆಗೆ ಬಳೆ ಬಿಡಿಸೋದು. ಬರೆದು ಮುಗಿದ ಮೇಲೆ ಸ್ವಲ್ಪ ಹಗುರಾಗುತ್ತಿತ್ತು. ಮಲಗಿದರೆ ನಿದ್ದೆ ಬರುತ್ತಿತ್ತು. ಬೆಳಿಗ್ಗೆ ಎದ್ದು ಸೊಪ್ಪು ಕೊಯ್ಯಲು ಹೋದರೆ ಕೈ ಕೆಲಸದಲ್ಲಿ ಇರುತ್ತಿತ್ತು, ಮನಸ್ಸೂ ಅಲ್ಲೇ ಇರುತ್ತಿತ್ತು.

ಆಮೇಲೆ ಮೂರು ಬೆಳೆ ಒಳ್ಳೆಯದಾಯಿತು. ರೇಟೂ ಸಿಕ್ಕಿತು. 2025ರ ಜನವರಿಗೆ ಸಾಲ ತೀರಿತು, ಸರ ಬಳೆ ಮನೆಗೆ ಬಂತು. ದೇವರಿಗೆ ಕಾಯಿ ಒಡೆದೆವು. ಇನ್ನು ನಿಶ್ಚಿಂತೆ ಅಂದುಕೊಂಡೆ.

ನಿಶ್ಚಿಂತೆ ಬರಲಿಲ್ಲ. ಸಾಲದ ಜಾಗಕ್ಕೆ ಬೇರೆ ಏನೇನೋ ಬಂದು ಕೂತವು. ಮಗಳು ಚಿಕ್ಕಬಳ್ಳಾಪುರದಲ್ಲಿ ಪಿಯುಸಿ ಓದುತ್ತಾಳೆ, ದಿನಾ ಬಸ್ಸಿನಲ್ಲಿ ಓಡಾಟ. ಬಸ್ಸು ಉರುಳಿದರೆ? ಅತ್ತೆಗೆ ಕೆಮ್ಮು, ಟಿಬಿ ಇದ್ದರೆ? ಹುಳು ಮನೆಯ ವೈರಿಂಗ್ ಹಳೆಯದು, ಬೆಂಕಿ ಹತ್ತಿದರೆ? ಬಿಡಿಸಿ ತಂದ ಬಳೆ ಕಳುವಾದರೆ? ಒಂದಕ್ಕೆ ಸಮಾಧಾನ ಸಿಕ್ಕ ಕೂಡಲೇ ಇನ್ನೊಂದು ಸಿದ್ಧವಾಗಿರುತ್ತಿತ್ತು. ಅತ್ತೆಯ ಕಫ ಪರೀಕ್ಷೆ ಮಾಡಿಸಿ ಏನೂ ಇಲ್ಲ ಅಂತ ಬಂದ ದಿನ ಸಂಜೆಯೇ ನನಗೆ ಬಾವಿ ಕಟ್ಟೆಯ ಯೋಚನೆ ಹಿಡಿಯಿತು, ಪಕ್ಕದ ಮನೆ ಮಗು ಬಿದ್ದರೆ ಅಂತ.

ಮೈಯೂ ಜೊತೆಗೆ ಕೆಟ್ಟಿತು. ಕುತ್ತಿಗೆ, ಹೆಗಲು ಹಗ್ಗ ಕಟ್ಟಿದ ಹಾಗೆ ಬಿಗಿ. ಹೊಟ್ಟೆಯಲ್ಲಿ ತಳಮಳ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಹನ್ನೊಂದು ಗಂಟೆಗೇ ಸುಸ್ತು. ಸಣ್ಣದಕ್ಕೆಲ್ಲ ಮಗಳ ಮೇಲೆ ಸಿಡುಕು. ರಾತ್ರಿ ಸರಿಯಾಗಿ ಮೂರು ಗಂಟೆಗೆ ಎಚ್ಚರ, ಎದೆ ಡವಡವ. ಎದ್ದು ಟಾರ್ಚ್ ಹಿಡಿದು ಹುಳು ಮನೆಗೆ ಹೋಗಿ ನೋಡಿ ಬರುತ್ತಿದ್ದೆ. ಹುಳು ಇದ್ದಾಗ ಇದು ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಜವಾಬ್ದಾರಿ ಇರೋ ಹೆಂಗಸು ಅಂತಲೇ ಅಂದರು.

ಫೆಬ್ರವರಿಯಲ್ಲಿ ಗೂಡು ಮಾರಿ ಆಗಿತ್ತು. ಹುಳು ಮನೆ ತೊಳೆದು, ಬ್ಲೀಚಿಂಗ್ ಪುಡಿ ನೀರು ಸಿಂಪಡಿಸಿ, ಬಾಗಿಲು ಮುಚ್ಚಿದ್ದೆವು. ಒಳಗೆ ಒಂದು ಹುಳುವೂ ಇಲ್ಲ. ಅವತ್ತು ರಾತ್ರಿಯೂ ಮೂರಕ್ಕೆ ಎಚ್ಚರವಾಯಿತು. ಟಾರ್ಚ್ ಹಿಡಿದು ಹೋದೆ. ಬಾಗಿಲು ತೆಗೆದರೆ ಖಾಲಿ ಸ್ಟ್ಯಾಂಡುಗಳು, ಬ್ಲೀಚಿಂಗ್ ವಾಸನೆ. ಹೊಸ್ತಿಲಲ್ಲೇ ನಿಂತುಬಿಟ್ಟೆ. ಇಲ್ಲಿ ನಾನು ಏನು ನೋಡೋಕೆ ಬಂದೆ? ಎದೆ ಮಾತ್ರ ಹುಳು ಸಾಯ್ತಿರೋ ದಿನದ ಹಾಗೇ ಹೊಡೆದುಕೊಳ್ಳುತ್ತಿತ್ತು. ಬೆಳಗಾಗುವವರೆಗೆ ಅಲ್ಲೇ ಕೂತು ಅತ್ತೆ.

ಯಜಮಾನರಿಗೆ ಹೇಳಿದೆ. ಅವರು ಕೆಟ್ಟವರಲ್ಲ, ಆದರೆ ಅವತ್ತು ಅವರ ಬಾಯಲ್ಲಿ ಬಂದಿದ್ದು, “ಸಾಲ ತೀರ್ತು, ನೀರು ಬಂತು, ಇನ್ನೇನು ಬೇಕು ನಿಂಗೆ?” ಈ ಮಾತು ನನ್ನನ್ನು ಎರಡು ತಿಂಗಳು ಹಿಂದೆ ಹಾಕಿತು. ಎಲ್ಲ ಸರಿ ಇದ್ದೂ ಹೀಗಿರೋದು ನನ್ನ ಕೊಬ್ಬು ಅಂದುಕೊಂಡು ಬಾಯಿ ಮುಚ್ಚಿಕೊಂಡೆ. ಮನೆಯವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು: “ಯೋಚನೆ ಮಾಡಬೇಡ” ಅನ್ನಬೇಡಿ. ಬೇಡ ಅಂದರೆ ನಿಲ್ಲುವ ಹಾಗಿದ್ದರೆ ನಾವೇ ಎಂದೋ ನಿಲ್ಲಿಸಿರುತ್ತಿದ್ದೆವು.

ಇಲ್ಲಿ ಇನ್ನೊಂದು ತೊಡಕೂ ಇತ್ತು. ನಮ್ಮ ಕಡೆ ಮನೆಮನೆಯಲ್ಲೂ ತೆಲುಗು ಕನ್ನಡ ಎರಡೂ ನಡೆಯುತ್ತದೆ. ತೆಲುಗಿನಲ್ಲಿ ದಿಗುಲು ಅಂದರೆ ಚಿಂತೆ, ಕೊರಗು. ಕನ್ನಡದ ದಿಗಿಲು ಅಂದರೆ ಭಯ. ನಾನು “ದಿಗಿಲಾಗುತ್ತೆ ಅತ್ತೆ” ಅಂದರೆ ಅವರು ತೆಲುಗಿನ ಅರ್ಥದಲ್ಲಿ ತಗೊಂಡು, “ಅಯ್ಯೋ, ಸಂಸಾರಸ್ಥರಿಗೆಲ್ಲ ಇದ್ದದ್ದೇ ಕಣಮ್ಮ” ಅನ್ನುತ್ತಿದ್ದರು. ನನ್ನೊಳಗೆ ಇದ್ದಿದ್ದು ಚಿಂತೆಯಲ್ಲ, ಹಾವು ಕಂಡಾಗ ಆಗುವ ದಿಗಿಲು. ಹಾವು ಮಾತ್ರ ಎಲ್ಲೂ ಇರಲಿಲ್ಲ.

ಮಾರ್ಚ್ ಮೊದಲ ವಾರ, ಗೂಡಿನ ಮಾರ್ಕೆಟ್ ಹತ್ತಿರ ನಿಂತಿದ್ದಾಗ ಉಸಿರು ಸಿಕ್ಕಿಕೊಂಡಿತು. ಕೈ ಜೋಮು ಹಿಡಿಯಿತು, ಬೆವರು ಕಿತ್ತುಕೊಂಡು ಬಂತು. ಹಾರ್ಟ್ ಅಟ್ಯಾಕ್ ಅಂತಲೇ ಅಂದುಕೊಂಡೆ. ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಇಸಿಜಿ, ಎಕೋ, ರಕ್ತ ಪರೀಕ್ಷೆ ಎಲ್ಲ ಮಾಡಿ 6,800 ರೂಪಾಯಿ ಬಿಲ್ಲು. ಅಷ್ಟರಲ್ಲಿ ಅದು ತಾನಾಗಿಯೇ ಇಳಿದಿತ್ತು. ಡಾಕ್ಟರು ಕಾಗದ ನೋಡಿ, “ಎಲ್ಲಾ ನಾರ್ಮಲ್, ಏನೂ ಇಲ್ಲ, ಟೆನ್ಷನ್ ಮಾಡ್ಕೋಬೇಡಿ” ಅಂದರು. ಗ್ಯಾಸಿನ ಮಾತ್ರೆ ಬರೆದು ಕಳಿಸಿದರು. ಏನೂ ಇಲ್ಲ ಅಂದರೆ ನಾನು ಸುಳ್ಳು ಹೇಳ್ತಿದ್ದೀನಾ ಅಂತ ದಾರಿಯುದ್ದಕ್ಕೂ ಅದೇ.

ಆದರೂ ಆ ಪರೀಕ್ಷೆ ದಂಡ ಅಂತ ನಾನು ಹೇಳುವುದಿಲ್ಲ. ಮೊದಲ ಸಲ ಎದೆ ನೋವು, ಉಸಿರು ಕಟ್ಟುವುದು ಬಂದರೆ ಹೃದಯ ನೋಡಿಸಲೇಬೇಕು. ಥೈರಾಯ್ಡ್ ಜಾಸ್ತಿ ಇದ್ದರೂ ಇದೇ ಥರ ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ನನ್ನ ಥೈರಾಯ್ಡ್ ಪರೀಕ್ಷೆ (ಟಿಎಸ್‌ಎಚ್) ಸರಿ ಇತ್ತು, ಹಿಮೋಗ್ಲೋಬಿನ್ ಮಾತ್ರ ಕಡಿಮೆ, 9.8. ಆ ರಿಪೋರ್ಟುಗಳನ್ನು ಎತ್ತಿಡಿ. ನಾನು ಫೈಲಿಗೆ ಹಾಕಿಟ್ಟಿದ್ದಕ್ಕೆ ಮುಂದೆ ಮತ್ತೆ ಪರೀಕ್ಷೆ ಮಾಡಿಸುವುದು ತಪ್ಪಿತು.

ಒಂದು ತಪ್ಪು ಮಾಡಿದೆ, ನೀವು ಮಾಡಬೇಡಿ. ನಿದ್ದೆ ಬರ್ತಿಲ್ಲ ಅಂತ ಒಂದು ಮೆಡಿಕಲ್ ಸ್ಟೋರಿನಲ್ಲಿ ಕೇಳಿದೆ. ಚೀಟಿ ಇಲ್ಲದೆ ಹತ್ತು ಮಾತ್ರೆ ಕೊಟ್ಟರು. ನುಂಗಿದ ರಾತ್ರಿ ಸ್ವರ್ಗ. ನಾಲ್ಕೇ ದಿನಕ್ಕೆ ಮಾತ್ರೆ ಖಾಲಿ ಆದರೆ ಏನು ಗತಿ ಅನ್ನೋ ಹೊಸ ದಿಗಿಲು ಶುರು. ಅದು ಕ್ಲೋನಾಜೆಪಾಮ್ ಅನ್ನುವ ಮಾತ್ರೆ ಅಂತ, ಡಾಕ್ಟರು ಹೇಳದೆ ತಗೊಂಡರೆ ಬೇಗ ಅಭ್ಯಾಸವಾಗಿಬಿಡುತ್ತೆ ಅಂತ ಆಮೇಲೆ ತಿಳಿಯಿತು.

ಹೀಗೇ ಕೆಲವು ತಿಂಗಳು ಕಳೆದ ಮೇಲೆ ದಾರಿ ತೋರಿಸಿದ್ದು ನಮ್ಮೂರಿನ ಆಶಾ ಕಾರ್ಯಕರ್ತೆ. ಅವಳು ಬಿಪಿ ನೋಡೋಕೆ ಅತ್ತೆಯ ಹತ್ತಿರ ಬಂದಿದ್ದಳು. ನನ್ನ ಮುಖ ನೋಡಿ, “ಅಕ್ಕಾ, ಹದಿನಾಲ್ಕು ನಾಲ್ಕು ಹದಿನಾರಕ್ಕೆ ಒಂದು ಫೋನ್ ಮಾಡಿ” ಅಂದಳು. 14416. ಟೆಲಿ ಮಾನಸ್ ಅಂತ ಅದರ ಹೆಸರು, 2022ರಿಂದ ಇದೆಯಂತೆ. ದುಡ್ಡಿಲ್ಲ, ಇಪ್ಪತ್ನಾಲ್ಕು ಗಂಟೆಯೂ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಮೂರು ದಿನ ಧೈರ್ಯ ಸಾಲಲಿಲ್ಲ. ನಾಲ್ಕನೇ ರಾತ್ರಿ ಮೂರೂ ಕಾಲಿಗೆ ಹುಳು ಮನೆ ಮೆಟ್ಟಿಲ ಮೇಲೆ ಕೂತು ಮಾಡಿದೆ. ಮೊದಲು ಭಾಷೆ ಆರಿಸಿ ಅಂತ ಧ್ವನಿ ಬರುತ್ತದೆ, ಗಾಬರಿಯಲ್ಲಿ ಕಟ್ ಮಾಡಬೇಡಿ. ಆಮೇಲೆ ಒಬ್ಬ ಹೆಣ್ಣುಮಗಳು ಸಿಕ್ಕಳು. ಇಪ್ಪತ್ತೈದು ನಿಮಿಷ ಕೇಳಿಸಿಕೊಂಡಳು. ನಡುವೆ ಒಮ್ಮೆಯೂ “ಟೆನ್ಷನ್ ಮಾಡ್ಕೋಬೇಡಿ” ಅನ್ನಲಿಲ್ಲ. ಸಾಯಬೇಕು ಅನ್ನಿಸಿದೆಯಾ ಅಂತ ನೇರವಾಗಿ ಕೇಳಿದಳು. ಇಲ್ಲ ಅಂದೆ. ನಿಮಗೆ ಯಾರಿಗಾದರೂ ಹಾಗೆ ಅನ್ನಿಸುತ್ತಿದ್ದರೆ ನನ್ನ ಹಾಗೆ ಮೂರು ದಿನ ಕಾಯಬೇಡಿ, ಈಗಲೇ ಮಾಡಿ. ಕೊನೆಗೆ ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಹೋಗಿ ಅಂದಳು.

ಮನೋರೋಗ ಅನ್ನೋ ಬೋರ್ಡಿನ ಕೆಳಗೆ ಕೂರುವುದು ಅಂದರೆ! ಯಾರಾದರೂ ನೋಡಿದರೆ ಮಗಳ ಮದುವೆಗೆ ತೊಂದರೆ ಅಂತ ಅತ್ತೆ ಹೇಳಿದರು. ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋದರೆ ಊರಿನವರು ಸಿಗಲ್ಲ ಅಂತ ಯಜಮಾನರು. ಇಷ್ಟಕ್ಕೆಲ್ಲ ಅಷ್ಟು ದೂರ ಬೇಕಿಲ್ಲ, ಜಿಲ್ಲೆಯಲ್ಲೇ ಆಗುತ್ತೆ, ಬೇಕಾದರೆ ಅವರೇ ಅಲ್ಲಿಗೆ ಬರೆದುಕೊಡುತ್ತಾರೆ ಅಂತ ಆಶಾ ಬಂದು ಹೇಳಿದ ಮೇಲೆ ಒಪ್ಪಿದರು. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ನಮ್ಮ ಕಾಯಿಲೆಯ ವಿಷಯ ಗುಟ್ಟಾಗಿ ಇಡಬೇಕಾದ್ದು ಆಸ್ಪತ್ರೆಯ ಕರ್ತವ್ಯ. ಈ ವಿಷಯ ಗೊತ್ತಾದಾಗ ಅತ್ತೆಗೂ ಸ್ವಲ್ಪ ಸಮಾಧಾನ ಆಯಿತು.

ಮೊದಲ ಸಲ ಹೋದಾಗ ಡಾಕ್ಟರು ಇರಲಿಲ್ಲ. ಅವತ್ತು ಮಂಗಳವಾರ. ಮನೋಚೈತನ್ಯ ಕಾರ್ಯಕ್ರಮ ಅಂತ ಮಂಗಳವಾರ ಮನೋವೈದ್ಯರು ತಾಲೂಕು ಆಸ್ಪತ್ರೆಗಳಿಗೆ ಹೋಗುತ್ತಾರೆ. ಕೇಳಿಕೊಂಡು ಹೋಗಬೇಕಿತ್ತು, ತಪ್ಪು ನನ್ನದೇ. ಯಾವ ಮಂಗಳವಾರ ನಿಮ್ಮ ತಾಲೂಕಿಗೆ ಬರುತ್ತಾರೆ ಅಂತ ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯವರನ್ನೋ ಮೊದಲೇ ವಿಚಾರಿಸಿ, ಅಲ್ಲೇ ತೋರಿಸಿಕೊಳ್ಳಬಹುದು.

ಗುರುವಾರ ಮತ್ತೆ ಹೋದೆವು. ಶಕ್ತಿ ಯೋಜನೆ ಇರುವುದರಿಂದ ಸರ್ಕಾರಿ ಬಸ್ಸಿನಲ್ಲಿ ನನಗೆ ಚಾರ್ಜ್ ಇಲ್ಲ, ಯಜಮಾನರಿಗೆ ಮಾತ್ರ. ಆಧಾರ್, ರೇಷನ್ ಕಾರ್ಡ್, ಹಳೆಯ ರಿಪೋರ್ಟು, ನುಂಗುತ್ತಿದ್ದ ಮಾತ್ರೆಯ ಖಾಲಿ ಹಾಳೆ ತಗೊಂಡು ಹೋಗಿದ್ದೆ. ಒಪಿ ಚೀಟಿಗೆ 10 ರೂಪಾಯಿ. ಚೀಟಿ ಸಾಲಿನಲ್ಲಿ ಮುಕ್ಕಾಲು ಗಂಟೆ, ಡಾಕ್ಟರ ಬಾಗಿಲಲ್ಲಿ ಎರಡೂವರೆ ಗಂಟೆ. ಬೆಂಚಿನಲ್ಲಿ ಯಾರೂ ನಾನು ಅಂದುಕೊಂಡ ಹಾಗೆ ಇರಲಿಲ್ಲ. ತಲೆನೋವಿನ ಹುಡುಗಿ, ಕುಡಿತ ಬಿಡಿಸಲು ಬಂದ ಮುದುಕಪ್ಪ, ಬಾಣಂತಿ. ಎಲ್ಲ ನಮ್ಮ ಥರದ ಜನವೇ.

ಡಾಕ್ಟರ್ ಮೇಡಂ ಮೊದಲು ಯಜಮಾನರ ಎದುರು ಕೇಳಿದರು, ಆಮೇಲೆ ಅವರನ್ನು ಹೊರಗೆ ಕಳಿಸಿ ಕೇಳಿದರು. ಎಷ್ಟು ತಿಂಗಳಿಂದ? ವಾರದಲ್ಲಿ ಎಷ್ಟು ದಿನ? ಒಂದೇ ವಿಷಯವೋ, ಹಲವೋ? “ಬೆಳೆ ಕೈಗೆ ಬಂದ ಮೇಲೆ ಕಡಿಮೆ ಆಗ್ತಿತ್ತಾ ಅಮ್ಮ?” ಅಂದರು. ಖಾಲಿ ಹುಳು ಮನೆಯ ವಿಷಯ ಹೇಳಿದೆ. ಬರೆಯುತ್ತಿದ್ದವರು ನಿಲ್ಲಿಸಿ ಪೂರ್ತಿ ಕೇಳಿದರು. ಆಮೇಲೆ ಇನ್ನೊಂದು ಪ್ರಶ್ನೆ: “ಇದರಿಂದ ಏನೇನು ಬಿಟ್ಟಿದ್ದೀರಾ?” ಇದನ್ನು ಯಾರೂ ಕೇಳಿರಲಿಲ್ಲ. ಹೇಳುತ್ತಾ ಹೋದ ಹಾಗೆ ನನಗೇ ಆಶ್ಚರ್ಯ. ಮಾರ್ಕೆಟ್‌ಗೆ ಹೋಗುವುದು ಬಿಟ್ಟಿದ್ದೆ. ತಂಗಿಯ ಗೃಹಪ್ರವೇಶಕ್ಕೆ ಹೋಗಿರಲಿಲ್ಲ. ಮಗಳನ್ನು ಕಾಲೇಜಿನ ಟೂರಿಗೆ ಕಳಿಸಿರಲಿಲ್ಲ. ಅಡುಗೆ ಮಾಡುತ್ತಾ ಹಾಡಿಕೊಳ್ಳುತ್ತಿದ್ದೆ, ಅದೂ ನಿಂತಿತ್ತು.

ಏಳು ಪ್ರಶ್ನೆಯ ಒಂದು ಹಾಳೆ ಕೊಟ್ಟರು. ಹಿಂದಿನ ಎರಡು ವಾರದಲ್ಲಿ ಇದು ಎಷ್ಟು ದಿನ ಕಾಡಿತು ಅಂತ ಒಂದೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಗುರುತು ಹಾಕಬೇಕು. ಒಟ್ಟು 21. ಐದರಿಂದ ಸ್ವಲ್ಪ, ಹತ್ತರಿಂದ ಮಧ್ಯಮ, ಹದಿನೈದರಿಂದ ಜೋರು. ನನಗೆ 16 ಬಂತು. ಹಾಳೆಯೊಂದರಿಂದಲೇ ಕಾಯಿಲೆ ಅಂತ ಹೇಳಲ್ಲ, ಮಾತಾಡಿಸಿ ನೋಡಬೇಕು ಅಂತ ಮೇಡಂ ಬಿಡಿಸಿ ಹೇಳಿದರು. ಯೋಚನೆ ಆರು ತಿಂಗಳಿಗಿಂತ ಜಾಸ್ತಿ, ಹೆಚ್ಚಿನ ದಿನಗಳಲ್ಲಿ, ಹಲವು ವಿಷಯಕ್ಕೆ ಬರುತ್ತಿರಬೇಕು. ತಡೆಯೋಣ ಅಂದರೂ ತಡೆಯಲು ಆಗಬಾರದು. ಜೊತೆಗೆ ಚಡಪಡಿಕೆ, ಸುಸ್ತು, ಮನಸ್ಸು ನಿಲ್ಲದೇ ಇರುವುದು, ಸಿಡುಕು, ಮೈ ಬಿಗಿತ, ನಿದ್ದೆ ಕೆಡುವುದು, ಈ ಆರರಲ್ಲಿ ಮೂರಾದರೂ ಇರಬೇಕು. ದಿನದ ಬದುಕು ಕೆಟ್ಟಿರಬೇಕು. ನನಗೆ ಆರಕ್ಕೆ ಐದು ಇತ್ತು. ಮಾರ್ಕೆಟ್ ಹತ್ತಿರ ಆದದ್ದು ಪ್ಯಾನಿಕ್ ಅಟ್ಯಾಕ್, ಅದು ಕೆಲವೇ ನಿಮಿಷದಲ್ಲಿ ಜೋರಾಗಿ ಏರಿ ಆಮೇಲೆ ಇಳಿಯುತ್ತೆ ಅಂದರು. “ಆಷಾಢದಲ್ಲಿ ನಿಮಗೆ ಇದ್ದಿದ್ದು ಯೋಚನೆ. ಈಗಿರೋದು ಆತಂಕದ ಕಾಯಿಲೆ. ವಾಸಿ ಆಗುತ್ತೆ” ಅಂದರು. ನನಗೆ ಅಲ್ಲೇ ಅಳು ಬಂತು. ನನಗೆ ಏನೋ ಇದೆ ಅಂತ ಮೊದಲ ಸಲ ಒಬ್ಬರು ಒಪ್ಪಿಕೊಂಡಿದ್ದರು.

ಎಸಿಟಾಲೋಪ್ರಾಮ್ ಅನ್ನುವ ಮಾತ್ರೆ, ಮೊದಲು 5 ಮಿಲಿಗ್ರಾಂ, ಆಮೇಲೆ 10. ಹೆಸರು ಹೇಳಿದ್ದೇನೆ ಅಂತ ನೀವೇ ತಗೊಳ್ಳಬೇಡಿ, ಒಬ್ಬೊಬ್ಬರಿಗೆ ಒಂದೊಂದು ಕೊಡುತ್ತಾರೆ. ಇದು ತಲೆನೋವಿನ ಮಾತ್ರೆ ಥರ ಅಲ್ಲ. ಕೆಲಸ ಶುರು ಮಾಡಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಜಾಸ್ತಿ. ಮೊದಲ ವಾರ ನನಗೆ ವಾಕರಿಕೆ, ಚಡಪಡಿಕೆ ಇನ್ನೂ ಹೆಚ್ಚಾಯಿತು. ಒಂಬತ್ತನೇ ದಿನ ಮಾತ್ರೆ ಎಸೆಯಲು ಹೊರಟಿದ್ದೆ. ಮತ್ತೆ 14416ಕ್ಕೆ ಮಾಡಿದೆ. ಶುರುವಿನಲ್ಲಿ ಹೀಗಾಗುತ್ತೆ, ಊಟ ಆದ ಮೇಲೆ ತಗೊಳ್ಳಿ, ನಿಮ್ಮಷ್ಟಕ್ಕೇ ನಿಲ್ಲಿಸಬೇಡಿ, ತಡೆಯಲು ಆಗದಿದ್ದರೆ ಡಾಕ್ಟರ ಹತ್ತಿರ ಹೋಗಿ ಅಂದರು. ಎರಡನೇ ವಾರದ ಕೊನೆಗೆ ವಾಕರಿಕೆ ನಿಂತಿತು. ನಾಲ್ಕನೇ ವಾರ ಒಂದು ದಿನ ಕಣ್ಣು ಬಿಟ್ಟರೆ ಕಿಟಕಿಯಲ್ಲಿ ಬೆಳಕು. ಐದೂ ಮುಕ್ಕಾಲು. ಯಜಮಾನರು ಹಾಲು ಕರೆದು ಡೈರಿಗೆ ಹಾಕಿ ಬಂದಿದ್ದರು. “ಎಬ್ಬಿಸೋಕೆ ಮನಸ್ಸು ಬರಲಿಲ್ಲ” ಅಂದರು.

ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ. ಎರಡು ಸಲ ಸ್ಟಾಕ್ ಇಲ್ಲ ಅಂತ ಹೊರಗೆ ಕೊಂಡೆವು. ಹಾಗಾಗಿ ಮಾತ್ರೆ ಒಂದು ವಾರದ್ದು ಉಳಿದಿರುವಾಗಲೇ ಹೋಗಿ. ತಟ್ಟನೆ ತಪ್ಪಿಸಿದರೆ ತಲೆ ಸುತ್ತು, ಚಡಪಡಿಕೆ ಬರುತ್ತದೆ. ಲೆಕ್ಕ ಹೇಳಬೇಕು ಅಂದರೆ ಅಲ್ಲಿ ಇಲ್ಲಿ ಓಡಾಡಿ ಖಾಸಗಿಯಲ್ಲಿ 9,400 ಕಳೆದೆವು. ಸರಿಯಾದ ಕಡೆಗೆ ಬಂದ ಮೇಲಿನ ಒಂಬತ್ತು ತಿಂಗಳಿಗೆ ಚೀಟಿ, ಬಸ್ಸು, ಹೊರಗಿನ ಮಾತ್ರೆ ಎಲ್ಲ ಸೇರಿ 1,300 ಆಗಿದೆ.

ಮಾತ್ರೆ ಎಷ್ಟು ಕೆಲಸ ಮಾಡಿತೋ ಅಷ್ಟೇ ಕೆಲಸ ಮಾಡಿದ್ದು ಅಲ್ಲಿನ ಆಪ್ತಸಮಾಲೋಚಕರ ಹತ್ತಿರ ಕೂತ ಆರು ಸಲ. ಸಂಜೆ ಐದೂವರೆಯಿಂದ ಇಪ್ಪತ್ತು ನಿಮಿಷ ಯೋಚನೆಗೆ ಅಂತಲೇ ಇಟ್ಟುಕೊಳ್ಳಿ ಅಂದರು. ಬೇರೆ ಹೊತ್ತಿನಲ್ಲಿ ಬಂದ ಯೋಚನೆಯನ್ನು ಒಂದು ಸಾಲು ಬರೆದು ಸಂಜೆಗೆ ಅಂತ ಬಿಡಬೇಕು. ಸಂಜೆ ತೆಗೆದು, ಇದಕ್ಕೆ ನಾನು ಇವತ್ತು ಏನಾದರೂ ಮಾಡಬಹುದಾ ಅಂತ ನೋಡಬೇಕು. ವೈರಿಂಗ್ ಹಳೆಯದು ಅನ್ನುವುದಕ್ಕೆ ಮಾಡಬಹುದು. ಎಲೆಕ್ಟ್ರಿಷಿಯನ್ ಕರೆಸಿದೆ, 2,200 ರೂಪಾಯಿ ಆಯಿತು, ಆ ಸಾಲು ಹೊಡೆದು ಹಾಕಿದೆ. ಬಸ್ಸು ಉರುಳಿದರೆ ಅನ್ನುವುದಕ್ಕೆ ಮಾಡುವುದು ಏನೂ ಇಲ್ಲ. ಮೊದಮೊದಲು ಆ ಸಾಲನ್ನು ಬಿಡುವುದು ಪ್ರಾಣ ಹೋದ ಹಾಗೆ ಆಗುತ್ತಿತ್ತು.

ತುಂಬ ಕಷ್ಟವಾಗಿದ್ದು ಮಗಳಿಗೆ ಫೋನ್ ಮಾಡುವುದನ್ನು ಕಡಿಮೆ ಮಾಡುವುದು. ದಿನಕ್ಕೆ ಹತ್ತು ಹನ್ನೊಂದು ಸಲ ಮಾಡುತ್ತಿದ್ದೆ. “ಅಮ್ಮಾ, ನಿನ್ನ ಹೆಸರು ಫೋನಲ್ಲಿ ಕಂಡ್ರೆ ನಂಗೇ ಭಯ ಆಗುತ್ತೆ” ಅಂದಿದ್ದಳು ಒಮ್ಮೆ. ಪ್ರತಿ ಸಲ ಅವಳ ಧ್ವನಿ ಕೇಳಿ ಸಮಾಧಾನ ಆಗುತ್ತಿತ್ತು, ಅರ್ಧ ಗಂಟೆಗೆ ಕರಗುತ್ತಿತ್ತು, ಮತ್ತೆ ಬೇಕು. ಆ ಸಮಾಧಾನವೇ ದಿಗಿಲನ್ನು ಸಾಕುತ್ತಿತ್ತು ಅಂತ ಅರ್ಥವಾಗಲು ತಡವಾಯಿತು. ಹನ್ನೊಂದರಿಂದ ಆರಕ್ಕೆ, ಆರರಿಂದ ಮೂರಕ್ಕೆ ಇಳಿಸಿದೆ. ಈಗ ಒಂದೇ ಸಲ, ಅವಳೇ ಮಾಡುತ್ತಾಳೆ. ದಿನಕ್ಕೆ ಆರು ಲೋಟ ಕಾಫಿ ಕುಡಿಯುತ್ತಿದ್ದೆ, ಎರಡಕ್ಕೆ ಇಳಿಸಿದೆ, ಎದೆ ಬಡಿತಕ್ಕೆ ಅದರಿಂದಲೂ ಅನುಕೂಲವಾಯಿತು.

ಹೋದ ತಿಂಗಳು ಅದೇ ಏಳು ಪ್ರಶ್ನೆಯ ಹಾಳೆಯಲ್ಲಿ 4 ಬಂತು. ಇನ್ನೂ ಕೆಲವು ತಿಂಗಳು ಮಾತ್ರೆ ಮುಂದುವರಿಸಿ, ಆಮೇಲೆ ನಿಧಾನಕ್ಕೆ ಇಳಿಸೋಣ ಅಂದಿದ್ದಾರೆ ಮೇಡಂ.

ಈಗ ಹುಳು ಮನೆಯಲ್ಲಿ ನೂರು ಮೊಟ್ಟೆಯ ಹುಳು ನಾಲ್ಕನೇ ಜ್ವರ ಎದ್ದಿವೆ. ಮೊನ್ನೆ ರಾತ್ರಿ ಎರಡು ಗಂಟೆಗೆ ದಪ್ಪ ಮಳೆ ಬಂತು. ಕೊಯ್ದಿಟ್ಟ ಸೊಪ್ಪು ನೆನೆಯುತ್ತೆ ಅಂತ ಯೋಚನೆಯಾಗಿ ಎದ್ದು ಹೋದೆ, ಯಜಮಾನರೂ ಬಂದರು, ಇಬ್ಬರೂ ಸೇರಿ ಟಾರ್ಪಾಲ್ ಎಳೆದೆವು. ಬಂದು ಮಲಗಿದೆ. ಮತ್ತೆ ಎಚ್ಚರವಾಗಿದ್ದು ಐದೂವರೆಗೆ. ಚೀಟಿಯಲ್ಲಿ ಮುಂದಿನ ತಾರೀಖು ಬರುವ ಗುರುವಾರ ಇದೆ. ಅವತ್ತೇ ಹುಳು ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಅನ್ನುವ ತಟ್ಟೆಗೆ ಬಿಡುವ ದಿನ, ಬಿಟ್ಟು ಹೋಗಲಾಗದು. ಮಾತ್ರೆ ಎಂಟು ಉಳಿದಿವೆ. ಬುಧವಾರ ಡಾಕ್ಟರು ಇರುತ್ತಾರಾ ಅಂತ ಫೋನ್ ಮಾಡಿ ಕೇಳಿದ್ದೇನೆ, ಇರುತ್ತಾರಂತೆ. ಬುಧವಾರವೇ ಹೋಗಿ ಬರುತ್ತೇನೆ.